ಕಾಕಾ ಮೊದಲನೆಯದೆಂದು ಬರೆದ ಸಿನಿಮಾ

ಹೋದ ಡಿಸೆಂಬರಿನ ಕೊನೆಯ ಭಾನುವಾರ, ಸಂಜೆ ಆರೂವರೆಗೆ, ಈ ಮರಾಠಿ ಊರಿನ ಪ್ರತಾಪ ನಗರದ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ, ವೇದಿಕೆಯ ಎಡಗಡೆ, ಕಾರ್ಯದರ್ಶಿಯ ಬೆನ್ನಿನಿಂದ ಎರಡಡಿ ದೂರದಲ್ಲಿ ನಾನು ನಿಂತಿದ್ದೆ. ಹಾರಗಳ ತಟ್ಟೆ ನನ್ನ ಕೈಯಲ್ಲಿತ್ತು. ಎದುರಿನ ಮೊದಲ ಕುರ್ಚಿಯಲ್ಲಿ ನಮ್ಮ ಮೇಲಿನ ಮನೆಯ ಕಾಕಾ ಕೂತಿದ್ದರು. ಕೊರಳಿಗೆ ದಪ್ಪ ಬ್ಯಾಂಡೇಜು, ಅದರಿಂದಾಗಿ ಷರ್ಟಿನ ಮೇಲಿನ ಗುಂಡಿ ಹಾಕಿರಲಿಲ್ಲ. ಗಂಟಲಿನ ಆಪರೇಷನ್ ಆಗಿ ಇಪ್ಪತ್ತು ದಿನವಾಗಿತ್ತು. ದನಿ ಹೋಗಿತ್ತು.

ಕಾಕಾ ಗದಗದ ಕಡೆಯವರು. ಮೂವತ್ತು ವರ್ಷ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಲೋಹ ಒತ್ತುವ ಪ್ರೆಸ್ ಯಂತ್ರ ನಡೆಸಿದವರು. ಪ್ರತಿ ವರ್ಷ ತಾವು ಮೆಚ್ಚಿದ ಹತ್ತು ಸಿನಿಮಾಗಳ ಪಟ್ಟಿ ಮಾಡಿ ಸಂಘದ ವರ್ಷಾಂತ್ಯದ ಸಭೆಯಲ್ಲಿ ಓದುತ್ತಿದ್ದರು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬಾರದು, ಅದಕ್ಕೇ ಜೋರಾಗಿ ಓದುವ ರೂಢಿ. ಮೊದಲ ಸಲ ನೋಡಿ ಬಂದಾಗ ಪೆನ್ಸಿಲಿನಲ್ಲಿ ಬರೆಯುವರು. ಇನ್ನೊಮ್ಮೆ ಟಿಕೆಟ್ ತೆಗೆದು ನೋಡಿದ ಮೇಲೆಯೇ ಶಾಯಿ.

ಮೈಸೂರಿನಿಂದ ಬಂದ ಹೊಸದರಲ್ಲಿ, ಈ ಊರಿನಲ್ಲಿ ನನಗೆ ಮಾತಾಡಲು ಒಬ್ಬರೂ ಇಲ್ಲದಾಗ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಥಿಯೇಟರಿಗೆ ಕರೆದೊಯ್ದವರು ಅವರೇ. ನಾನು ತುಂಬ ಹೊಗಳಿದ ಒಂದು ಸಿನಿಮಾವನ್ನು ಎರಡನೆಯ ಸಲ ನೋಡಿ ಬಂದು ರಬ್ಬರಿನಿಂದ ಉಜ್ಜಿ ಹಾಕಿದರು.

"ಯಾಕೆ ಕಾಕಾ? ನೀವೂ ಅತ್ತಿದ್ರಲ್ಲ!"

"ಅತ್ತಿದ್ದೆ ತಮ್ಮಾ. ಎರಡ್ನೇ ಸಲ ನೋಡಿದ್ರ, ನನ್ನ ಅಳಸಾಕ ಡೈರೆಕ್ಟರ್ ಎಲ್ಲೆಲ್ಲಿ ಚಿವುಟ್ಯಾನ ಅನ್ನೋದು ಬರೋಬರ್ ಕಾಣಿಸ್ತು."

ಈ ವರ್ಷ ಅವರು ಮೊದಲನೆಯದೆಂದು ಬರೆದದ್ದು ಒಂದು ಸಣ್ಣ ಮರಾಠಿ ಸಿನಿಮಾ. ಪ್ರೆಸ್ ಯಂತ್ರಕ್ಕೆ ಎರಡು ಬೆರಳು ಕೊಟ್ಟ ಹೆಣ್ಣುಮಗಳೊಬ್ಬಳು, ತಪ್ಪು ತನ್ನದೇ ಎಂದು ಬರೆದುಕೊಡಲು ಒಪ್ಪದ ಕಥೆ. ಬರೀ ಆರು ಜನರಿದ್ದ ಥಿಯೇಟರಿನಲ್ಲಿ ನಾವು ಅದನ್ನು ಎರಡು ಸಲ ನೋಡಿದ್ದೆವು. ದನಿ ಇಲ್ಲದ್ದರಿಂದ ಕಾಕಾ ಪಟ್ಟಿಯನ್ನು ಓದಲು ಕಾರ್ಯದರ್ಶಿಗೆ ಕೊಟ್ಟರು.

ಅಂದಿನ ಮುಖ್ಯ ಅತಿಥಿಗೆ ಪಕ್ಕದ ಕಳಮೇಶ್ವರದಲ್ಲಿ ಸ್ವಂತ ಕಾರ್ಖಾನೆ ಇತ್ತು.

ಕಾಕಾರ ಅಕ್ಷರ ದಪ್ಪ. ನಾನು ನಿಂತಲ್ಲಿಂದ ಮೊದಲ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಕಾರ್ಯದರ್ಶಿ ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು, ನಾಲ್ಕನೆಯ ಸ್ಥಾನದಲ್ಲಿದ್ದ ದೊಡ್ಡ ನಾಯಕನ ಹೊಡೆದಾಟದ ಚಿತ್ರವನ್ನು ಮೊದಲನೆಯದೆಂದು ಓದಿದರು. ಮರಾಠಿ ಸಿನಿಮಾದ ಹೆಸರನ್ನು ಎಲ್ಲಿಯೂ ಓದಲಿಲ್ಲ.

ಕಾಕಾ ಎದ್ದು ನಿಂತರು. ಬಾಯಿ ತೆರೆದರು, ಗಾಳಿ ಮಾತ್ರ ಬಂತು. ಬಲಗೈ ಎತ್ತಿ, ಎರಡು ಬೆರಳು ಮಡಚಿ, ಉಳಿದ ಮೂರನ್ನು ಸಭೆಗೆಲ್ಲ ತೋರಿಸಿದರು.

"ಅರೆ ವಾ, ಕಾಕಾ ಖುಷ್ ಆಗ್ಯಾರ!" ಎಂದರು ಕಾರ್ಯದರ್ಶಿ ಮೈಕಿನಲ್ಲಿ. "ಜೋರ್ದಾರ್ ಚಪ್ಪಾಳಿ ಆಗ್ಲಿ!"

ಸಭೆ ನಗುತ್ತ ಚಪ್ಪಾಳೆ ತಟ್ಟಿತು. ನಾನು ಹಾರದ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ನಾನೂ ಮೂರು ಸಲ ಚಪ್ಪಾಳೆ ತಟ್ಟಿದೆ. ಇದನ್ನು ಬಿಟ್ಟು ಬರೆದರೆ ನಾನೂ ಒಂದು ಸಾಲಿನ ಮೇಲೆ ಹೆಬ್ಬೆರಳಿಟ್ಟಂತೆ.

ಸಭೆ ಮುಗಿದ ಮೇಲೆ ಕಾರ್ಯದರ್ಶಿಯನ್ನು ಕೇಳಿದೆ.

"ನೀವು ಬೇರೆ ಓದಿದ್ರಿ."

"ಒಂದು ಸಿನಿಮಾ ಲಿಸ್ಟ್ ರೀ! ಇದಕ್ಕೂ ಪಂಚನಾಮೆ ಮಾಡ್ತೀರೇನು? ಸಾಹೇಬರ ಮುಂದ ಬೆರಳು ತುಂಡಾದ ಕಥಿ ಹೇಳೂದು ಚಲೋ ಕಾಣತದೇನು? ಚಲಾ, ಜಲ್ದಿ ಊಟಕ್ಕ ಬರ್ರಿ."

ಕಾಕಾ ಊಟಕ್ಕೆ ನಿಲ್ಲಲಿಲ್ಲ. ಮೆಟ್ಟಿಲ ಹತ್ತಿರ ಕಿಸೆಯ ಪುಸ್ತಕ ತೆಗೆದು ನನಗೆ ಬರೆದು ತೋರಿಸಿದರು: "ನೀ ಅಲ್ಲೇ ನಿಂತಿದ್ದಿ." ಶಾಯಿಯಲ್ಲಿ ಬರೆದಿದ್ದರು.

ಆರು ವಾರದ ನಂತರ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಕಾರ್ಯದರ್ಶಿ ಕಣ್ಣೊರೆಸಿಕೊಂಡು, ಕಾಕಾರ ಕೊನೆಯ ಮೆಚ್ಚಿನ ಸಿನಿಮಾ ಆ ಹೊಡೆದಾಟದ ಚಿತ್ರವೆಂದರು. ಸಂಘದ ಸಂಚಿಕೆಯಲ್ಲಿ ಅದನ್ನೇ ಅಚ್ಚು ಹಾಕಿಸಿದರು. ಕಾಕಾರ ಬಾಯಲ್ಲಿ, ಸತ್ತ ಮೇಲೂ, ಎರಡನೆಯ ಸಲ ಸುಳ್ಳು ಹೇಳಿಸಿದರು. ಮೂಲ ಪಟ್ಟಿ ಎಲ್ಲಿ ಎಂದು ಕೇಳಿದೆ. ಕಳೆದಿದೆಯಂತೆ.

ಆದ್ದರಿಂದ ಬರೆಯುತ್ತಿದ್ದೇನೆ. ಕಾಕಾರ ಹೆಂಡತಿ ಕಾಕೂ ಅಂದು ಅವರ ಪಕ್ಕದ ಕುರ್ಚಿಯಲ್ಲಿದ್ದರು. ಪಟ್ಟಿಯನ್ನು ಮಡಚಿ ಲಕೋಟೆಗೆ ಹಾಕಿದವರು ಅವರೇ, ಬದುಕಿದ್ದಾರೆ. ಮೈಕು ನೋಡಿಕೊಳ್ಳುತ್ತಿದ್ದ ದಿಲೀಪನಿಗೆ ಕನ್ನಡ ಬಾರದು, ಆದರೆ ಮಡಚಿದ ಬೆರಳುಗಳನ್ನು ನೋಡಿ ಅವನೊಬ್ಬನೇ ನಗಲಿಲ್ಲ. ಅವನೂ ಬದುಕಿದ್ದಾನೆ. ಆ ಮೊದಲ ಸಾಲನ್ನು ನನಗಿಂತ ಹತ್ತಿರದಿಂದ ನೋಡಿದವರು ಇನ್ನೊಬ್ಬರಿದ್ದಾರೆ, ಕಾರ್ಯದರ್ಶಿ. ಅವರೂ ಬದುಕಿದ್ದಾರೆ.