ಮೇಷ್ಟ್ರ ಚುಟ್ಟದ ಪೆಟ್ಟಿಗೆ

ಬೀರುವಿನ ಬಾಗಿಲಿಗೆ ಪಾಲಿಶ್ ಉಜ್ಜುತ್ತಿದ್ದೆ. ಮನೆಯ ಯಜಮಾನರು ಹಿಂದೆ ಬಂದು ನಿಂತು ಚುಟ್ಟ ಹಚ್ಚಿದರು. ಅರಗು ಕರಗಿಸಿದ ಸ್ಪಿರಿಟ್ಟಿನ ವಾಸನೆ, ಚುಟ್ಟದ ಹೊಗೆ, ಎರಡೂ ಒಟ್ಟಿಗೆ ಮೂಗಿಗೆ ಬಂದವು. ಕೈ ನಿಂತುಹೋಯಿತು.

"ಯಾಕಪ್ಪಾ, ಹೊಗೆ ಆಗಲ್ವಾ ನಿಂಗೆ?" ಅಂದರು.

"ಆಗತ್ತೆ ಸಾರ್" ಅಂದೆ. ಆದರೆ ಆ ದಿನ ಕೆಲಸ ಮುಂದೆ ಸಾಗಲಿಲ್ಲ. ಮೂಲೆಮನೆ ಮೇಷ್ಟ್ರು ನೆನಪಾಗಿದ್ದರು.

ಆಗ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ನಾನು ಪುಟ್ಟೇನಹಳ್ಳಿಯಿಂದ ಹೊಲದ ದಾರಿಯಲ್ಲಿ ನಡೆದು ಬರುತ್ತಿದ್ದೆ. ಒಂದು ಹೊಂಗೆ ಮರ, ಅದರ ಕೆಳಗೆ ನಾಲ್ಕು ಗಳ, ಮೇಲೆ ತಗಡು. ಅದೇ ನನ್ನ ಮರಗೆಲಸದ ಶೆಡ್ಡು. ಎದುರು ಮೂಲೆಯ ಮನೆ ಮೇಷ್ಟ್ರದು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ರಿಟೈರಾದವರು. ಪಂಚೆ, ಬನಿಯನ್ನು, ಹಣೆಯಲ್ಲಿ ಅಂಗಾರ ಅಕ್ಷತೆ. ಅಂಥವರಿಗೆ ಇದ್ದದ್ದು ಒಂದೇ ಹುಚ್ಚು, ಚುಟ್ಟ. ಹೆಂಡತಿ ಬಹಳ ಮಡಿ, ಮನೆಯಲ್ಲಿ ಹಚ್ಚುವ ಹಾಗಿಲ್ಲ. ಭಾನುವಾರ ಊಟವಾದ ಮೇಲೆ ನನ್ನ ಶೆಡ್ಡಿಗೆ ಬರುತ್ತಿದ್ದರು. ಒಂದು ಸೇದಿ, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಆಯಮ್ಮನಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಚುಟ್ಟದ ದೊಡ್ಡ ಪೆಟ್ಟಿಗೆ ಕೊಳ್ಳುವವರಲ್ಲ ಮೇಷ್ಟ್ರು. ಬಸವನಗುಡಿಯ ಒಬ್ಬ ಅಂಗಡಿಯವನು ಕಟ್ಟು ಬಿಚ್ಚಿ ಮಾರಿ ಉಳಿದ ಬಿಡಿ ಚುಟ್ಟಗಳನ್ನು ಬಗೆಗೊಂದರಂತೆ ಸೇರಿಸಿ, ಬಾಳೆನಾರಿನಲ್ಲಿ ಕಟ್ಟಿ ಅಗ್ಗಕ್ಕೆ ಕೊಡುತ್ತಿದ್ದ. ನಾನಾ ಹೂ ಸೇರಿಸಿ ಕಟ್ಟಿದ ಮಾಲೆಗೆ ಹೇಳುವ ಹಾಗೆ ಅದಕ್ಕೆ ಮೇಷ್ಟ್ರು 'ಕದಂಬ' ಅನ್ನುತ್ತಿದ್ದರು. ದಿಂಡಿಗಲ್ಲಿನ ಕಪ್ಪನೆಯದು, ತಿರುಚಿರಾಪಳ್ಳಿಯ ತೆಳ್ಳನೆಯದು, ಗೋದಾವರಿ ಕಡೆಯ ಒರಟು ಚುಟ್ಟ, ಊರೇ ಗೊತ್ತಿಲ್ಲದ್ದು... ಹಚ್ಚುವ ಮೊದಲೇ ನನ್ನ ಉಳಿಯಿಂದ ಎರಡು ತುಂಡು ಮಾಡಿ ಒಂದು ನನಗೆ ಕೊಡುತ್ತಿದ್ದರು.

"ಏನ್ ಅನ್ಸತ್ತೆ, ಹೇಳು."

"ಖಾರ, ಮೇಷ್ಟ್ರೇ."

"ಖಾರ ಅಂದ್ರೆ? ಮೆಣಸಿನ ಖಾರಾನೋ, ಶುಂಠಿ ಖಾರಾನೋ?"

"ಹೊಗೆ ಖಾರ."

"ನಿನ್ನ ನಾಲಿಗೆಗೆ ಮೊದ್ಲು ಉಜ್ಜುಗೊರಡು ಹಾಕ್ಬೇಕು ಕಣೋ."

ಅವರಿಗೆ ಒಬ್ಬ ಗೆಳೆಯರಿದ್ದರು. ಮೈಸೂರಿನಲ್ಲಿ ಎಂಜಿನಿಯರು. ಕಾಲೇಜಿನಲ್ಲಿ ಇಬ್ಬರೂ ಒಟ್ಟಿಗೆ ಚುಟ್ಟ ಕಲಿತವರು. ಯಾವ ಚುಟ್ಟ ಹೇಗಿದೆ ಎಂದು ಆ ಎಂಜಿನಿಯರು ಕಾಗದ ಬರೆದು ಕೇಳುವುದು, ಮೇಷ್ಟ್ರು ಎರಡು ಪುಟ ಉತ್ತರ ಬರೆಯುವುದು. ಆ ಉತ್ತರ ಬರೆಯುವಾಗ ಅವರ ಗತ್ತೇ ಬೇರೆ. ಎಂಜಿನಿಯರು ನಮ್ಮ ಶೆಡ್ಡಿನಿಂದ ಎರಡು ರಸ್ತೆ ಆಚೆ ಮನೆ ಕಟ್ಟಿಸಲು ಶುರುಮಾಡಿದ್ದರು. ಹೇಳಿದ ಮಾತು ಕೇಳಲಿಲ್ಲವೆಂದು ಆಗಲೇ ಇಬ್ಬರು ಬಡಗಿಗಳನ್ನು ಓಡಿಸಿದ್ದರು.

ಮೇಷ್ಟ್ರು ಒಂದು ದಿನ ದೇವದಾರು ಹಲಗೆ ಹೊತ್ತು ತಂದರು. "ಚುಟ್ಟ ಇಡೋಕೆ ಒಂದು ಪೆಟ್ಟಿಗೆ ಮಾಡು. ಅವನು ಬಂದಾಗ ತೋರಿಸ್ತೀನಿ. ಬಾಗಿಲು ಕಿಟಕಿ ಕೆಲಸ ಪೂರ್ತಿ ನಿನಗೇ ಕೊಡಿಸ್ತೀನಿ. ಒಂದೇ ಮಾತು, ಒಳಗೆ ಏನೂ ಹಚ್ಬೇಡ. ಬೋಳು ಮರ ಇರ್ಲಿ."

ತಲೆಯಾಡಿಸಿದೆ. ಆ ಕೆಲಸ ಸಿಕ್ಕಿದರೆ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವುದು ತಪ್ಪುತ್ತಿತ್ತು. ಬೇರೆ ಆಸೆಯೇ ಇರಲಿಲ್ಲ ನನಗೆ.

ಆಮೇಲೆ ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಊರಿಗೆ ಹೋದರು. ಗೆಳೆಯನಿಗಾಗಿ ಕೂಡಿಟ್ಟಿದ್ದ ಹನ್ನೆರಡು ಚುಟ್ಟ ನನ್ನ ಕೈಗೆ ಕೊಟ್ಟು, ಪೆಟ್ಟಿಗೆ ಮುಗಿದ ಕೂಡಲೇ ಒಳಗಿಡು ಎಂದರು. ಪೆಟ್ಟಿಗೆ ಮುಗಿಯಿತು. ಮುಚ್ಚಳ ತೆಗೆದು ನೋಡಿದೆ. ಒಳಗೆ ಬೋಳು. ಒಳಗೆ ಬೋಳು ಬಿಟ್ಟರೆ ಅರ್ಧ ಕೆಲಸ ಎಂದು ನಮ್ಮಪ್ಪ ಕಿವಿ ಹಿಂಡಿ ಕಲಿಸಿದ್ದ. ಮೇಷ್ಟ್ರು ನನಗೆ ತೊಂದರೆ ಬೇಡವೆಂದು ಹಾಗೆ ಹೇಳಿದ್ದಾರೆ ಎಂದುಕೊಂಡೆ. ಒಳಗೂ ಎರಡು ಸಲ ಪಾಲಿಶ್ ಹಾಕಿದೆ. ಕನ್ನಡಿ ಹಾಗೆ ಹೊಳೆಯಿತು. ಚುಟ್ಟ ಜೋಡಿಸಿ ಮುಚ್ಚಿಟ್ಟೆ. ಮೂರು ವಾರ.

ಊರಿಂದ ಬಂದ ಮರುದಿನವೇ ಮೇಷ್ಟ್ರು ಎಂಜಿನಿಯರನ್ನು ಶೆಡ್ಡಿಗೆ ಕರೆತಂದರು. ಎಂಜಿನಿಯರು ಪೆಟ್ಟಿಗೆಯ ಮೂಲೆಗಳನ್ನು ಬೆರಳಲ್ಲಿ ಸವರಿ, "ಕೈ ಚೆನ್ನಾಗಿದೆ" ಅಂದರು. ಮುಚ್ಚಳ ತೆಗೆದರು. ಮೇಷ್ಟ್ರ ಮುಖ ನೋಡಿದೆ. ಪಾಲಿಶ್ ವಾಸನೆ ಮೂಗಿಗೆ ಬಂದಿತ್ತು ಅವರಿಗೆ. ಆದರೂ ಗೆಳೆಯನಿಗೊಂದು, ತಮಗೊಂದು ಹಚ್ಚಿದರು. ಎಂಜಿನಿಯರು ಒಂದು ದಮ್ಮು ಎಳೆದು ಕೆಮ್ಮಿ ಉಗಿದರು.

"ಥೂ! ಕುರ್ಚಿ ಕಾಲು ಸುಟ್ಟ ಹಾಗಿದೆಯಲ್ಲೋ! ಯಾವ ದಡ್ಡ ಇದರ ಒಳಗೆ ಪಾಲಿಶ್ ಹಾಕಿದ್ದು?"

ಪಾಲಿಶ್ ಬಟ್ಟೆಯನ್ನು ಕಾಲಿನಿಂದ ಹಲಗೆಯ ಕೆಳಗೆ ತಳ್ಳಿದೆ.

"ನಾನೇ ಹಾಕು ಅಂದೆ ಕಣೋ. ಹುಡುಗ ಬೇಡ ಬೇಡ ಅಂದ. ನಾನೇ ಕೇಳ್ಲಿಲ್ಲ" ಅಂದರು ಮೇಷ್ಟ್ರು.

"ನಲವತ್ತು ವರ್ಷ ಸೇದಿ ಇಷ್ಟೂ ಗೊತ್ತಾಗ್ಲಿಲ್ವೇನೋ? ನಿನ್ನ ಮಾತು ನಂಬಿ ನಾನು ಚುಟ್ಟ ಕೊಳ್ತಿದ್ನಲ್ಲ!" ಎಂದು ನಕ್ಕು ಎಂಜಿನಿಯರು ನನ್ನ ಕಡೆ ತಿರುಗಿದರು. "ನೀನೇ ವಾಸಿ ಕಣಯ್ಯ. ನಾಳೆ ಮನೆ ಹತ್ರ ಬಾ, ಅಳತೆ ತಗೋ."

ಆಗಲಿ ಸಾರ್ ಅಂದೆ. ಅಷ್ಟೇ ಅಂದೆ.

ಉಳಿದ ಹತ್ತನ್ನು ಮೇಷ್ಟ್ರು ಭಾನುವಾರಕ್ಕೊಂದರಂತೆ ಸೇದಿ ಮುಗಿಸಿದರು. ನನಗೆ ತುಂಡು ಕೊಡಲಿಲ್ಲ. "ನಿಂಗ್ಬೇಡ, ಕೆಮ್ಮು ಬರತ್ತೆ" ಅಂದರು. ನಾನು "ಮೇಷ್ಟ್ರೇ, ಅವತ್ತು..." ಎಂದು ಶುರುಮಾಡಿದರೆ, "ಕೆಲಸ ನೋಡು ಹೋಗು" ಅನ್ನುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಮೈಸೂರಿನಿಂದ ಕಾಗದ ಬರುವುದು ನಿಂತುಹೋಯಿತು. ಕದಂಬ ತರುವುದನ್ನೂ ಅವರು ನಿಧಾನವಾಗಿ ಬಿಟ್ಟರು.

ಗೃಹಪ್ರವೇಶದ ದಿನ ಎಲ್ಲರೆದುರು ನಿಜ ಹೇಳಬೇಕೆಂದೇ ಹೋಗಿದ್ದೆ. ಪಂಕ್ತಿಯಲ್ಲಿ ಎಂಜಿನಿಯರು ಮೇಷ್ಟ್ರನ್ನು ತೋರಿಸಿ ಪಾಲಿಶ್ ಕಥೆ ಹೇಳಿದರು. ಎಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ನಾನು ನಾನೇ ಮಾಡಿದ ಬಾಗಿಲಿಗೆ ಒರಗಿ ನಿಂತಿದ್ದೆ. ಇನ್ನೂ ಎರಡು ಮನೆಯ ಕೆಲಸದ ಮಾತಾಗಿತ್ತು. ಬಾಯಿ ಬಿಡಲಿಲ್ಲ.

ಅದರ ಮುಂದಿನ ವರ್ಷ ಮೇಷ್ಟ್ರು ಹೋದರು. ನಾನು ಬಿಳೇಕಹಳ್ಳಿ ಕಡೆ ಕಿಟಕಿ ಕೂರಿಸುತ್ತಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಮನೆ ಮುಂದೆ ನೀರು ಹಾಕಿ ತೊಳೆದಿದ್ದರು...

ಈಗ ನನ್ನ ಕೈಕೆಳಗೆ ಮೂವರು ಕೆಲಸ ಮಾಡುತ್ತಾರೆ. ಎಂಜಿನಿಯರು ಇವತ್ತಿಗೂ ಆ ಕಥೆ ಹೇಳಿ ನಗಿಸುತ್ತಾರಂತೆ. ಹಚ್ಚಬೇಡ ಎಂದಿದ್ದು ಮೇಷ್ಟ್ರು. ಹಚ್ಚಿದ್ದು ನಾನು. ಇನ್ನು ಹೇಳುವುದೇನೂ ಇಲ್ಲ.