ತಲೆಗೆ ಹಚ್ಚಿಕೊಂಡ ಹೊಲ

ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬರುವಾಗ ನನ್ನ ಅಜ್ಜಿ ಒಂದು ಚೀಲ ಎರೆಮಣ್ಣು ತಂದಳು. ಹೊಳೆದಂಡೆಯ ನಮ್ಮ ಹೊಲದ ಕಪ್ಪು ಮಣ್ಣು. ಅದನ್ನು ನೆನೆಹಾಕಿ, ನುಣ್ಣಗೆ ನಾದಿ, ತಲೆಗೆ ಹಚ್ಚಿ ತೊಳೆಯುವುದು ಅವಳ ರೂಢಿ. ಹೊಲವೋ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿತ್ತು. ಮಣ್ಣನ್ನೂ ಹೇರುವ ಮುದುಕಿಯನ್ನು ಕಂಡು ಲಾರಿಯವನು ನಕ್ಕ.

ಹೊಸ ಮನೆಯ ಬಚ್ಚಲಿಗೆ ಪೈಪಿತ್ತು. ಎರಡು ಸಲ ತಲೆ ತೊಳೆಯುವುದರೊಳಗೆ ಅದು ಮಣ್ಣು ತುಂಬಿ ಕಟ್ಟಿಕೊಂಡಿತು.

“ಯವ್ವಾ, ಎಲ್ಲಾರೂ ಶಾಂಪೂ ಹಚ್ಕೋತಾರ. ನೀನೂ ಹಚ್ಕೋ” ಎಂದ ಅಪ್ಪ.

ಅಜ್ಜಿ ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ಕಲ್ಲು ಹಾಕಿಸಿ, ಹಳೆ ಸೀರೆ ಮರೆಕಟ್ಟಿ, ಅಲ್ಲೇ ತಲೆ ತೊಳೆಯತೊಡಗಿದಳು. ನೀರೆಲ್ಲ ಗಿಡದ ಪಾತಿಗೆ. ನಮ್ಮ ಶಾಂಪೂ ನೊರೆ ಪೈಪಿಗೆ. ಆ ಕಲ್ಲಿನ ಮೇಲೆ ನಮಗೆ ಜಾಗವಿರಲಿಲ್ಲ.

ಆಗ ನಾನು ಹೈಸ್ಕೂಲು ಹುಡುಗಿ. ಚೀಲ ಇಳಿಯುತ್ತ ಬಂದಂತೆ ನನಗೆ ಕಸಿವಿಸಿ. ಹೊಲದ ಮೇಲೆ ನೀರು ನಿಂತಾಗಿತ್ತು, ಅಜ್ಜಿಗೆ ಹೊಲವೆಂದು ಉಳಿದದ್ದು ಆ ಚೀಲವೊಂದೇ. ಒಂದು ಬೇಸಿಗೆಯಲ್ಲಿ ಅವಳು ಅದನ್ನೂ ಕೊಡವಿ ಮಡಚಿಟ್ಟಳು. ಇನ್ನು ಇವಳೂ ಶಾಂಪೂ ಪಾಕೀಟಿಗೆ ಬಂದಳು ಅಂದುಕೊಂಡೆ. ಯಾಕೋ ಅಳು ಬಂತು.

ಮರುದಿನ ನೋಡಿದರೆ ಅಜ್ಜಿ ಗಿಡದ ಪಾತಿ ಕೆರೆಯುತ್ತ ಕೂತಿದ್ದಾಳೆ. ನವನಗರದ ಕೆಂಪು ಗರಸುಮಣ್ಣಿನ ಮೇಲೆ ಕಪ್ಪು ಪದರವೊಂದು ದಪ್ಪಗೆ ಕೂತಿತ್ತು. ಅದನ್ನು ಎತ್ತಿ, ಒಣಗಿಸಿ, ಜರಡಿ ಹಿಡಿದಳು. ಚೀಲ ಮತ್ತೆ ಅರ್ಧ ತುಂಬಿತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಸಾಲೆಯವರು ಬಾದಾಮಿ ಗುಹೆ ತೋರಿಸಿದಾಗಲೂ ನನಗೆ ಇಷ್ಟು ಸೋಜಿಗವಾಗಿರಲಿಲ್ಲ. ಇಷ್ಟು ವರ್ಷ ಖರ್ಚಾಯಿತು ಅಂದುಕೊಂಡಿದ್ದ ಹೊಲ ಹಿತ್ತಲು ದಾಟಿರಲೇ ಇಲ್ಲ.

ಜರಡಿಯಲ್ಲಿ ಬೇರಿನ ಚೂರುಗಳ ಜೊತೆ ಒಂದು ಶಾಂಪೂ ಪಾಕೀಟು ಉಳಿದಿತ್ತು, ಯಾವಾಗಲೋ ಗಾಳಿಗೆ ಹಾರಿ ಬಂದು ಹೂತದ್ದು. ಒರೆಸಿದರೆ ಅದರ ಮೇಲಿನ ಹೆಂಗಸು ಇನ್ನೂ ನಗುತ್ತಿದ್ದಳು.

“ಇದನ್ನ ಮಣ್ಣು ಒಲ್ಲೆ ಅಂದೈತಿ ನೋಡು” ಎಂದು ಅಜ್ಜಿ ಅದನ್ನು ನನ್ನ ಕೈಗಿಟ್ಟಳು.

ಆ ಭಾನುವಾರ ಮೊದಲ ಬಾರಿ ನನ್ನನ್ನು ಆ ಕಲ್ಲಿನ ಮೇಲೆ ಕೂರಿಸಿದಳು. ತಣ್ಣನೆಯ ಮಣ್ಣು ನೆತ್ತಿಯಿಂದ ಕಿವಿಯವರೆಗೆ ಇಳಿಯಿತು. ತೊಳೆಯಲು ನಾನು ತಂಬಿಗೆ ಎತ್ತಿದಾಗ ಅವಳು ನನ್ನ ಕೈ ಹಿಡಿದಳು.

“ಸಾವಕಾಶ ಹಾಕ್ಕೋ ಯವ್ವಾ. ಹೊಲಾ ಪಾತಿ ದಾಟಿ ಹೋಗಬಾರದು.”