ಓರಗಿತ್ತಿಯ ಬಲಗೈ

ಮನೆಯಲ್ಲಿ ಎಲ್ಲರೂ ಅವಳನ್ನು ಕ್ರಿಮಿ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಮಾವ, "ಆಸ್ಪತ್ರೇಲಿ ಏನಮ್ಮ ನಿನ್ನ ಕೆಲಸ?" ಎಂದು ಕೇಳಿದ್ದಕ್ಕೆ, "ಕ್ರಿಮಿ ಸಾಕ್ತೀನಿ ಮಾವ" ಎಂದುಬಿಟ್ಟಿದ್ದಳು. ಅಂದು ಅಂಟಿದ ಹೆಸರು ಬಿಡಲೇ ಇಲ್ಲ. ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ ಅವಳು ರೋಗಿಗಳ ರಕ್ತ, ಕೀವುಗಳಿಂದ ಬಂದ ಬ್ಯಾಕ್ಟೀರಿಯಾಗಳನ್ನು ಪ್ಲೇಟಿನಲ್ಲಿ ಬೆಳೆಸಿ, ಅವುಗಳ ಡಿಎನ್‌ಎ ಓದಿ, ಯಾವುದು ಯಾವ ಔಷಧಿಗೆ ಯಾಕೆ ಜಗ್ಗುತ್ತಿಲ್ಲ ಎಂದು ಹುಡುಕುತ್ತಿದ್ದಳು.

ಗಂಡನ ಅಣ್ಣನ ಹೆಂಡತಿ, ಅಂದರೆ ಅವಳ ಓರಗಿತ್ತಿ, ಅದೇ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿನಲ್ಲಿ ಹಿರಿಯ ನರ್ಸ್. ಒಂದೇ ಮನೆ, ಒಂದೇ ಅಡುಗೆಮನೆ, ಒಂದೇ ಬಸ್ಸು. ಆದರೂ ಇಬ್ಬರಿಗೂ ಅಷ್ಟಕ್ಕಷ್ಟೇ. ಜಗಳವೆಂದು ಒಂದೂ ಆಗಿರಲಿಲ್ಲ. ಓರಗಿತ್ತಿಗೆ ಶುಚಿಯ ಗೀಳು. ಕ್ರಿಮಿ ತೊಳೆದು ಬೋರಲು ಹಾಕಿದ ಲೋಟವನ್ನು ಮಾತಿಲ್ಲದೆ ಎತ್ತಿ ಮತ್ತೆ ತೊಳೆಯುವಳು. ಬೈದಿದ್ದರೂ ವಾಸಿಯಿತ್ತು, ಆ ಮೌನಕ್ಕೆ ಕ್ರಿಮಿಯ ಮೈಯೆಲ್ಲ ಉರಿಯುತ್ತಿತ್ತು.

ಆ ಬೇಸಿಗೆಯಲ್ಲಿ ಎಳೆಗೂಸುಗಳ ವಾರ್ಡಿಗೆ ಕಾಟ ಶುರುವಾಯಿತು. ಮೊದಲು ಒಂದು ಮಗುವಿನ ಹೊಕ್ಕುಳ ಸುತ್ತ ಕೀವು ಕಟ್ಟಿತು. ಆಮೇಲೆ ಇನ್ನೊಂದಕ್ಕೆ ಜ್ವರ. ಮೂರನೆಯದು ತಿಂಗಳು ತುಂಬುವ ಮೊದಲೇ ಹುಟ್ಟಿದ ಗಂಡು ಕೂಸು. ಸೋಂಕು ರಕ್ತಕ್ಕೇ ಇಳಿದು ತೀರಿಕೊಂಡಿತು. ಮೂವರ ಪ್ಲೇಟುಗಳಲ್ಲೂ ಹೊಂಬಣ್ಣದ ಅದೇ ಚುಕ್ಕೆಗಳು ಎದ್ದವು. ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ, ಅದೂ ಮಾಮೂಲಿ ಔಷಧಿಗೆ ಬಗ್ಗದ ಜಾತಿ. ಡಿಎನ್‌ಎ ಓದಿಸಿದಾಗ ಸುಮಾರು ಇಪ್ಪತ್ತೆಂಟು ಲಕ್ಷ ಅಕ್ಷರಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ವ್ಯತ್ಯಾಸ. ಮೂರೂ ಒಂದೇ ಮೂಲದಿಂದ ಬಂದಿದ್ದವು. ಆ ಮೂಲ ಇನ್ನೂ ವಾರ್ಡಿನಲ್ಲೇ ಇತ್ತು.

ಕ್ರಿಮಿ ತೊಟ್ಟಿಲು, ನಲ್ಲಿ, ತೂಕದ ಯಂತ್ರಗಳಿಂದ ಮಾದರಿ ತೆಗೆದಳು. ಸಿಬ್ಬಂದಿಯ ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸಿದಳು. ಓರಗಿತ್ತಿಯ ಸರದಿ ಬಂದಾಗ ಅವಳು, "ಮನೇಲಿ ಸಾಲ್ದು ಅಂತ ಇಲ್ಲೂ ಬಂದ್ಯಾ?" ಎಂದಳು. ನರ್ಸುಗಳೆಲ್ಲ ನಕ್ಕರು. ಒಂದು ಪ್ಲೇಟಿನಲ್ಲೂ ಆ ಜಾತಿ ಬೆಳೆಯಲಿಲ್ಲ. ಅಷ್ಟರಲ್ಲಿ ನಾಲ್ಕನೇ ಮಗುವಿಗೆ ಜ್ವರ ಬಂತು.

ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಓರಗಿತ್ತಿ ನಿಂಬೆಹಣ್ಣು ಹಿಂಡುತ್ತಿದ್ದವಳು "ಸ್ಸ್" ಎಂದು ಕೈ ಕೊಡವಿದಳು. ಪಕ್ಕದಲ್ಲಿದ್ದ ಕ್ರಿಮಿ ತಿರುಗಿ ನೋಡಿದಳು. ಬಲಗೈಯ ಬೆರಳ ಸಂದಿಗಳಲ್ಲಿ ಚರ್ಮ ಬಿರಿದು ಕೆಂಪಾಗಿತ್ತು. ಮೇಲೆ ಮುಲಾಮಿನ ಹೊಳಪು.

"ಎಷ್ಟು ದಿನದಿಂದ ಅಕ್ಕಾ ಇದು?"

"ವಾರ್ಡಿನ ಸೋಪು ಬದಲಾಯಿಸಿದ್ರಲ್ಲ, ಆಗಿನಿಂದ. ಇನ್‌ಚಾರ್ಜ್‌ಗೆ ಎರಡು ಸಲ ಹೇಳ್ದೆ. ಗ್ಲೌಸ್ ಹಾಕ್ಕೊಳ್ಳಿ ಅಂದ್ರು."

ಬಿರಿದ ಚರ್ಮದಲ್ಲಿ ಬ್ಯಾಕ್ಟೀರಿಯಾ ಮನೆಮಾಡಬಲ್ಲದು ಎಂದು ಕ್ರಿಮಿಗೆ ಗೊತ್ತಿತ್ತು. ಮೂಗು ನೋಡಿದ್ದಳು, ಕೈ ನೋಡಿರಲಿಲ್ಲ. ಹೇಳಲೋ ಬೇಡವೋ ಎಂದು ಒಂದು ಗಳಿಗೆ ನಿಂತು, ಕೊನೆಗೆ ಹೇಳಿಯೇಬಿಟ್ಟಳು: "ನಾಳೆ ಡ್ಯೂಟಿಗೆ ಹೋಗೋಕೆ ಮುಂಚೆ ಲ್ಯಾಬಿಗೆ ಬನ್ನಿ. ಆ ಬೆರಳ ಸಂದಿಯಿಂದ ಒಂದು ಸ್ವ್ಯಾಬ್ ತಗೋಬೇಕು."

ಓರಗಿತ್ತಿ ಚಾಕು ಕೆಳಗಿಟ್ಟಳು. "ಏನಂದೆ?"

"ಬರೀ ಪರೀಕ್ಷೆ ಅಕ್ಕಾ."

"ದಿನಕ್ಕೆ ಎಷ್ಟು ಸಲ ಕೈ ತೊಳೀತೀನಿ ಗೊತ್ತಾ ನಿಂಗೆ? ಆ ಕೂಸುಗಳನ್ನ ಹೆತ್ತೋರಿಗಿಂತ ಹೆಚ್ಚಾಗಿ ನೋಡ್ಕೊಂಡಿದೀನಿ. ಲೋಟದ ಸಿಟ್ಟು ಇಲ್ಲಿ ತೀರಿಸ್ಕೊಳ್ತಿದೀಯಾ?"

ಮಾತು ಹಜಾರಕ್ಕೆ ಕೇಳಿಸಿತು. ಕ್ರಿಮಿಯ ಗಂಡ ಬಾಗಿಲಿಗೆ ಬಂದು, ಇಬ್ಬರ ಮುಖ ನೋಡಿ, ಬಂದ ದಾರಿಯಲ್ಲೇ ವಾಪಸಾದ. ಊಟಕ್ಕೆ ಕುಳಿತಾಗ ಮಾವ ಏನೋ ತಮಾಷೆ ಮಾಡಲು ಹೋದರು. ಯಾರೂ ನಗದಿದ್ದಾಗ ಉಪ್ಪು ಕೇಳಿದರು. ಕ್ರಿಮಿ ಊಟದ ನಡುವೆ ಅದನ್ನೇ ಯೋಚಿಸುತ್ತಿದ್ದಳು. ಬೆಳಿಗ್ಗೆ ಓರಗಿತ್ತಿ ಬರದಿದ್ದರೆ ತಾನೇ ವಾರ್ಡಿನ ಮುಖ್ಯ ಡಾಕ್ಟರಿಗೆ ಹೇಳಬೇಕಾಗುತ್ತದೆ. ಹೇಳಿದ ಮೇಲೆ ಈ ಮನೆಯಲ್ಲಿ ಯಾವ ಮುಖ ಹೊತ್ತು ಓಡಾಡುವುದು? ಹೇಳದಿದ್ದರೆ ಐದನೇ ಮಗು.

ಬೆಳಿಗ್ಗೆ ಬಸ್ಸಿನಲ್ಲಿ ಓರಗಿತ್ತಿ ಬೇರೆ ಸೀಟಿನಲ್ಲಿ ಕುಳಿತಳು. ಇಳಿದವಳು ವಾರ್ಡಿನ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತಳು. ಆಮೇಲೆ ತಿರುಗಿ ಲ್ಯಾಬಿನ ದಾರಿ ಹಿಡಿದು, ಕ್ರಿಮಿಗಿಂತ ಮುಂದೆ ಹೋಗಿ, ಮೇಜಿನ ಮೇಲೆ ಬಲಗೈ ಚಾಚಿ ಕುಳಿತಳು. "ತಗೋ. ಬೇಗ ಮುಗಿಸು." ಕಡ್ಡಿ ತಾಕಿದಾಗ ಕಣ್ಣು ಮುಚ್ಚಿಕೊಂಡಳು, ಕೈ ಮಾತ್ರ ಹಿಂದೆಗೆಯಲಿಲ್ಲ. ಅಂದೇ ರಜೆ ಬರೆದುಕೊಟ್ಟು ಮನೆಗೆ ಹೋದಳು.

ಮರುದಿನ ಲ್ಯಾಬಿನಲ್ಲಿ ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಪ್ಲೇಟಿನ ತುಂಬ ಹೊಂಬಣ್ಣದ ಚುಕ್ಕೆಗಳು. ಕ್ರಿಮಿ ಒಂದನ್ನಲ್ಲ, ಹತ್ತಾರು ಚುಕ್ಕೆಗಳನ್ನು ಬೇರೆಬೇರೆಯಾಗಿ ಎತ್ತಿ ಡಿಎನ್‌ಎ ಓದಲು ಕಳಿಸಿದಳು. ಫಲಿತಾಂಶ ಬರುವವರೆಗೂ ಓರಗಿತ್ತಿ ತನ್ನ ತಟ್ಟೆ, ತನ್ನ ಟವೆಲ್ಲು ಬೇರೆ ಇಟ್ಟುಕೊಂಡಳು. ಯಾರ ಲೋಟವನ್ನೂ ಮುಟ್ಟಲಿಲ್ಲ.

ಫಲಿತಾಂಶ ಬಂದ ಸಂಜೆ ಕ್ರಿಮಿ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಅವಳ ಹತ್ತಿರ ಹೋದಳು.

"ಅದೇ ಜಾತಿ ಅಕ್ಕಾ."

ಓರಗಿತ್ತಿ ಮಡಚುತ್ತಿದ್ದ ಅಂಗಿಯನ್ನು ಎದೆಗೊತ್ತಿಕೊಂಡಳು. "ನನ್ನಿಂದ ಕೂಸುಗಳಿಗಾ? ಕೂಸುಗಳಿಂದ ನನಗಾ?"

"ಅದನ್ನ ಖಚಿತವಾಗಿ ಹೇಳೋಕಾಗಲ್ಲ" ಎಂದಳು ಕ್ರಿಮಿ. ಅದು ನಿಜ, ಆದರೆ ಪೂರ್ತಿ ನಿಜವಲ್ಲ.

"ನೀನು ಏನೋ ಮುಚ್ಚಿಡುವಾಗ ಮೂಗು ಕೆರ್ಕೊಳ್ತೀಯ. ಇಷ್ಟು ವರ್ಷ ಒಂದೇ ಮನೇಲಿ ಇದೀನಿ. ಹೇಳು."

ಕ್ರಿಮಿ ಕೈ ಕೆಳಗಿಳಿಸಿದಳು. ಇದ್ದದ್ದನ್ನು ಬಿಡಿಸಿ ಹೇಳಿದಳು. ಬ್ಯಾಕ್ಟೀರಿಯಾ ಒಂದು ಕಡೆ ಹೆಚ್ಚು ಕಾಲ ಬದುಕಿದಷ್ಟೂ ಅದರ ಅಕ್ಷರಗಳು ಅಲ್ಲಿಷ್ಟು ಇಲ್ಲಿಷ್ಟು ಬದಲಾಗುತ್ತವೆ. ಓರಗಿತ್ತಿಯ ಕೈಯಲ್ಲಿ ಅಂಥ ಬೇರೆಬೇರೆ ಕವಲುಗಳಿದ್ದವು, ಅಂದರೆ ಅದು ಅಲ್ಲಿ ಬಹಳ ದಿನದಿಂದ ನೆಲೆಸಿತ್ತು. ಕೂಸುಗಳಲ್ಲಿದ್ದದ್ದು ಆ ಕವಲುಗಳದೇ ಒಂದೊಂದು ಟಿಸಿಲು. "ಬಹುಶಃ ನಿಮ್ಮ ಕೈಯಿಂದಲೇ ಅಕ್ಕಾ. ಆದ್ರೆ ನೀವು ಕೈ ತೊಳೀಲಿಲ್ಲ ಅಂತ ಅಲ್ಲ, ತೊಳೆದು ತೊಳೆದು ಹೀಗಾಗಿದ್ದು."

ಓರಗಿತ್ತಿ ಅಳಲಿಲ್ಲ. ಅಂಗಿಯನ್ನು ಮಡಚಿ ಇಟ್ಟು, "ತೀರಿಹೋದ ಆ ಹುಡುಗನ ತಾಯಿಗೆ ಗೊತ್ತಾಗ್ಬೇಕು" ಎಂದಳು.

ಆಸ್ಪತ್ರೆಯ ಸಭೆಯಲ್ಲಿ ಮುಖ್ಯ ಡಾಕ್ಟರು ವರದಿಗೆ "ಸಿಬ್ಬಂದಿಯೊಬ್ಬರ ಅಜಾಗರೂಕತೆ" ಎಂದು ಬರೆಸಲು ಹೊರಟರು. ಯಾರ ಮುಂದೆಯೂ ದನಿ ಏರಿಸದ ಕ್ರಿಮಿ ಅಂದು ಎದ್ದು ನಿಂತಳು. "ಸೋಪು ಯಾಕೆ ಬದಲಾಯ್ತು ಸರ್? ಕೈ ಬಿರಿದಿದೆ ಅಂತ ಎರಡು ಸಲ ಹೇಳಿದವರನ್ನ ವಾರ್ಡಿನಲ್ಲೇ ಯಾಕೆ ಇಟ್ಕೊಂಡ್ರಿ? ಅದನ್ನೂ ಬರೀರಿ, ಇಲ್ಲಾ ಆ ಪದ ತೆಗೀರಿ." ಡಾಕ್ಟರ ಮುಖ ಕೆಂಪೇರಿತು. ಮಾತಿಗೆ ಮಾತು ಬೆಳೆದು ಕೊನೆಗೆ ಆ ಪದ ಹೋಯಿತು. ಸೋಪಿನ ವಿಷಯ ಬರೆಯಲಿಲ್ಲ. ಆದರೆ ಆ ಸೋಪು ವಾರ್ಡಿನಿಂದ ಸದ್ದಿಲ್ಲದೆ ಮಾಯವಾಯಿತು.

ಕೂಸಿನ ತಾಯಿಗೆ ಡಾಕ್ಟರು ವಿಷಯ ತಿಳಿಸಿದ ದಿನ ಓರಗಿತ್ತಿಯೂ ಆ ಕೋಣೆಯಲ್ಲಿದ್ದಳು. ಯಾರು ಬೇಡವೆಂದರೂ ಕೇಳಿರಲಿಲ್ಲ. ಅವಳ ಪಕ್ಕ ಕ್ರಿಮಿ ಕುಳಿತಿದ್ದಳು. ಆ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು ಓರಗಿತ್ತಿಯನ್ನು ದಿಟ್ಟಿಸಿದಳು.

"ಅವನು ಅತ್ತಾಗೆಲ್ಲ ಎತ್ಕೊಳ್ತಿದ್ದಿದ್ದು ನೀವೇ ಅಲ್ವಾ?"

"ಹೌದಮ್ಮ. ನಾನೇ."

ಆ ಹೆಂಗಸು ಎದ್ದು ಹೋದಳು. ಆ ಪ್ರಶ್ನೆ ಬೈಗುಳವೋ ಕೃತಜ್ಞತೆಯೋ ಇಬ್ಬರಿಗೂ ತಿಳಿಯಲಿಲ್ಲ.

ನಾಲ್ಕನೇ ಮಗು ಗುಣವಾಗಿ ಮನೆಗೆ ಹೋಯಿತು. ಆಮೇಲೆ ಬೇರೆ ಯಾವ ಮಗುವಿಗೂ ಆ ಸೋಂಕು ತಗುಲಲಿಲ್ಲ. ಔಷಧಿ ಹಚ್ಚಿ ಓರಗಿತ್ತಿಯ ಕೈ ವಾಸಿಯಾಯಿತು. ಕ್ರಿಮಿ ಮತ್ತೆ ಮತ್ತೆ ಪರೀಕ್ಷಿಸಿದರೂ ಪ್ಲೇಟು ಸ್ವಚ್ಛವಾಗಿಯೇ ಉಳಿಯಿತು. ವಾರ್ಡಿಗೆ ಮರಳಬಹುದು ಎಂದು ಡಾಕ್ಟರೇ ಹೇಳಿದರೂ ಅವಳು ಒಪ್ಪದೆ ಹೊರರೋಗಿ ವಿಭಾಗ ಸೇರಿದಳು. ವರ್ಷ ಕಳೆದ ಮೇಲೆ, ಕೆಲಸಕ್ಕೆ ಹೊರಟ ಒಂದು ಬೆಳಿಗ್ಗೆ, "ಇವತ್ತಿಂದ ವಾಪಸ್ ಕೂಸುಗಳ ಹತ್ರ" ಎಂದಷ್ಟೇ ಹೇಳಿ, ಬಸ್ಸಿನಲ್ಲಿ ಕ್ರಿಮಿಯ ಪಕ್ಕ ಜಾಗ ಮಾಡಿಸಿಕೊಂಡು ಕುಳಿತಳು.